ಒಂದೇ ನಷ್ಟ, ಎರಡು ದೇಶದ ಲೆಕ್ಕ

ಇವತ್ತಿನ ಎಪಿಸೋಡ್‌ನ ವಿಷಯ ನಷ್ಟ. ಲಾಭದ ಕಥೆ ಎಲ್ಲರೂ ಹೇಳ್ತಾರೆ. ನಷ್ಟಕ್ಕೂ ಒಂದು ಇತಿಹಾಸ ಇದೆ. ಅದನ್ನ ಹೇಳೋದಕ್ಕೆ ನಾನು ನಮ್ಮ ಕುರುಬರಹಳ್ಳಿಯ ಒಂದು ದಿನಸಿ ಅಂಗಡಿಯಿಂದ ಶುರು ಮಾಡ್ತೀನಿ.

2017ರ ಅಕ್ಟೋಬರ್ ಮಳೆ ನೆನಪಿದೆಯಾ? ರಾಜಕಾಲುವೆ ಉಕ್ಕಿ ನಮ್ಮ ಏರಿಯಾದ ತಗ್ಗಿನ ಬೀದಿಗಳಿಗೆಲ್ಲ ನೀರು ನುಗ್ಗಿತ್ತು. ಜೀವಗಳೇ ಹೋದವು. ಅದರ ಮುಂದೆ ನಮ್ಮಪ್ಪನ ಅಂಗಡಿಯಲ್ಲಿ ನೆನೆದ ಅಕ್ಕಿ ಮೂಟೆ, ಬೇಳೆ, ಸಕ್ಕರೆ ಏನೂ ಅಲ್ಲ. ಆದರೂ ಆ ವರ್ಷ ಅಂಗಡಿ ನಷ್ಟದಲ್ಲೇ ಮುಗೀತು. ಒದ್ದೆಯಾದ ಬಿಲ್ಲು, ಹರಿದ ಲೆಕ್ಕದ ಪುಸ್ತಕ ಹೊಂದಿಸಿಕೊಂಡು ಮುಂದಿನ ವರ್ಷ ರಿಟರ್ನ್ ಹಾಕೋ ಹೊತ್ತಿಗೆ ಕಡೇ ತಾರೀಕು ದಾಟಿತ್ತು. ಆಡಿಟರ್ ಮೆಲ್ಲಗೆ ಹೇಳಿದರು: "ಯಜಮಾನ್ರೇ, ರಿಟರ್ನ್ ಹಾಕಬಹುದು. ಆದ್ರೆ ಈ ನಷ್ಟ ಮುಂದಿನ ವರ್ಷಕ್ಕೆ ಬರಲ್ಲ."

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ನಷ್ಟ ಆಗಿದ್ದು ನಿಜ ತಾನೇ? ತಾರೀಕು ದಾಟಿದ್ರೆ ಅದು ಸುಳ್ಳಾಗುತ್ತಾ?"

ಈ ಪ್ರಶ್ನೆ ಬಹಳ ವರ್ಷ ನನ್ನ ತಲೆಯಲ್ಲಿ ಕೂತಿತ್ತು. ಆಮೇಲೆ ತೆರಿಗೆಯ ಇತಿಹಾಸ ಓದ್ತಾ ಓದ್ತಾ ಒಂದು ವಿಷಯ ಸಿಕ್ತು. ಅಪ್ಪನಿಗೆ ಒಂದು ಸಲವೂ ಕಳೆಯೋದಕ್ಕೆ ಆಗದ ನಷ್ಟವನ್ನ, ಕೆಲವು ಬಹುರಾಷ್ಟ್ರೀಯ ಕಂಪನಿಗಳು ಎರಡೆರಡು ಸಲ ಕಳೀತಿದ್ದವು. ಒಂದು ಸಲ ಒಂದು ದೇಶದಲ್ಲಿ, ಇನ್ನೊಂದು ಸಲ ಇನ್ನೊಂದು ದೇಶದಲ್ಲಿ. ಅದೂ ಕಾನೂನಿನ ಪ್ರಕಾರವೇ. ತೆರಿಗೆ ಲೋಕದಲ್ಲಿ ಇದಕ್ಕೆ ‘ಡಬಲ್ ಡಿಪ್’ ಅಂತಾರೆ.

ಮೊದಲು ಒಂದು ಸಣ್ಣ ಪಾಠ. ತೆರಿಗೆ ಲೆಕ್ಕದಲ್ಲಿ ನಷ್ಟ ಅನ್ನೋದು ಒಂದು ಥರ ಆಸ್ತಿ. ಈ ವರ್ಷ ನಿಮಗೆ 1 ಲಕ್ಷ ನಷ್ಟ, ಮುಂದಿನ ವರ್ಷ 3 ಲಕ್ಷ ಲಾಭ ಅಂದ್ಕೊಳ್ಳಿ. ಹಳೇ ನಷ್ಟ ಕಳೆದು 2 ಲಕ್ಷಕ್ಕಷ್ಟೇ ತೆರಿಗೆ. ನಮ್ಮ ದೇಶದಲ್ಲಿ ವ್ಯಾಪಾರದ ನಷ್ಟವನ್ನ 8 ವರ್ಷದವರೆಗೆ ಹೀಗೆ ಮುಂದಕ್ಕೆ ಒಯ್ಯಬಹುದು. ಆದರೆ ಆ ನಷ್ಟದ ರಿಟರ್ನ್ ಸರಿಯಾದ ಸಮಯಕ್ಕೆ ಹಾಕಿರಬೇಕು. ಅಪ್ಪ ಎಡವಿದ್ದು ಅಲ್ಲೇ.

ಹಾಗಾದ್ರೆ ಒಂದೇ ನಷ್ಟ ಎರಡು ದೇಶದಲ್ಲಿ ಕಳೆಯೋದು ಹೇಗೆ? ಅದಕ್ಕೆ ಇನ್ನೊಂದು ಪ್ರಶ್ನೆ ಕೇಳಬೇಕು: ಕಂಪನಿಯ ಊರು ಯಾವುದು?

ಮನುಷ್ಯನಿಗೆ ಮನೆ ಇರುತ್ತೆ. ಕಂಪನಿಗೆ? ಈ ಗೊಂದಲ ನಮ್ಮ ರಾಜ್ಯಕ್ಕೇನೂ ಹೊಸದಲ್ಲ. ಕೋಲಾರದ ಚಿನ್ನದ ಗಣಿ ನೋಡಿ. 1880ರಲ್ಲಿ ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಹೆಸರಲ್ಲಿ ಮೈಸೂರಿದೆ, ಗಣಿ ಕೆಜಿಎಫ್‌ನಲ್ಲಿದೆ. ಆದರೆ ಕಂಪನಿ ಲಂಡನ್ನಿನದು. ಗಣಿ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕೂಡ ಲಂಡನ್ನಿನವರೇ. ಬೆವರು ಇಲ್ಲಿ, ಬೋರ್ಡ್ ಮೀಟಿಂಗ್ ಅಲ್ಲಿ. ಮೈಸೂರು ಸಂಸ್ಥಾನ ರಾಜಧನ ಕೇಳ್ತಿತ್ತು, ಬ್ರಿಟಿಷ್ ಖಜಾನೆ ಆದಾಯ ತೆರಿಗೆ ಕೇಳ್ತಿತ್ತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನ ತನ್ನ ವಶಕ್ಕೆ ತಗೊಳ್ಳೋವರೆಗೂ ಆ ಚಿನ್ನಕ್ಕೆ ಎರಡು ಊರು.

ಲಂಡನ್ ಯಾಕೆ ಕೇಳ್ತಿತ್ತು ಅಂದ್ರೆ, ಬ್ರಿಟನ್ನಿನ ನಿಯಮ ಹಾಗಿತ್ತು. 1906ರಲ್ಲಿ ಡಿ ಬೀರ್ಸ್ ವಜ್ರದ ಕಂಪನಿಯ ಕೇಸು ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಕಂಪನಿ ನೋಂದಣಿ ಆಗಿದ್ದು ದಕ್ಷಿಣ ಆಫ್ರಿಕಾದಲ್ಲಿ, ಗಣಿಯೂ ಅಲ್ಲೇ. ಆದರೆ ಮುಖ್ಯ ನಿರ್ಧಾರಗಳೆಲ್ಲ ಆಗ್ತಿದ್ದಿದ್ದು ಲಂಡನ್ನಿನಲ್ಲಿ. ಕಂಪನಿಯ ಮೇಲಿನ ಹಿಡಿತ ಎಲ್ಲಿದೆಯೋ ಅದೇ ಅದರ ಊರು ಅಂತ ತೀರ್ಪು ಬಂತು.

ಅಮೆರಿಕದ ನಿಯಮ ಬೇರೆ. ಅಲ್ಲಿ ಕಂಪನಿ ಹುಟ್ಟಿದ ಜಾಗವೇ ಅದರ ಊರು. ಡೆಲವೇರ್ ರಾಜ್ಯದಲ್ಲಿ ನೋಂದಣಿ ಆದರೆ ಅದು ಅಮೆರಿಕದ ಕಂಪನಿ, ಬೋರ್ಡ್ ಎಲ್ಲೇ ಕೂರಲಿ.

ಈಗ ಎರಡನ್ನೂ ಸೇರಿಸಿ. ಡೆಲವೇರ್‌ನಲ್ಲಿ ಹುಟ್ಟಿ ಲಂಡನ್ನಿನಿಂದ ನಡೆಯೋ ಕಂಪನಿಗೆ ಎರಡು ಊರು. ಲಾಭ ಬಂದ್ರೆ ಇದು ತಲೆನೋವು, ಇಬ್ಬರಿಗೂ ಲೆಕ್ಕ ಕೊಡಬೇಕು. ಆದರೆ ಬೇಕಂತಲೇ ನಷ್ಟ ಮಾಡೋ ಕಂಪನಿ ಕಟ್ಟಿದ್ರೆ?

1980ರ ದಶಕದ ಶುರುವಿನಲ್ಲಿ ನಡೆದದ್ದು ಇದೇ. ಒಂದು ಬ್ರಿಟಿಷ್ ಗುಂಪಿಗೆ ಅಮೆರಿಕದ ಒಂದು ಕಂಪನಿ ಕೊಳ್ಳಬೇಕು ಅಂತಿಟ್ಕೊಳ್ಳಿ. ನಡುವೆ ಎರಡು ಊರಿನ ಒಂದು ಕಂಪನಿ ಇಡ್ತಾರೆ. ಅದರ ಹೆಸರಲ್ಲಿ ಸಾಲ. ಅದಕ್ಕೆ ಬೇರೆ ವ್ಯಾಪಾರವೇ ಇಲ್ಲ, ಬಡ್ಡಿ ಕಟ್ಟೋದೊಂದೇ ಕೆಲಸ. ಹಾಗಾಗಿ ಪ್ರತಿ ವರ್ಷ ನಷ್ಟ. ಅಮೆರಿಕದಲ್ಲಿ ಒಂದು ಗುಂಪಿನ ಕಂಪನಿಗಳು ಸೇರಿ ಒಂದೇ ರಿಟರ್ನ್ ಹಾಕಬಹುದು. ಆ ನಷ್ಟ ಅಲ್ಲಿನ ಸೋದರ ಕಂಪನಿಯ ಲಾಭದಲ್ಲಿ ಕರಗ್ತಿತ್ತು. ಬ್ರಿಟನ್ನಿನಲ್ಲಿ ‘ಗ್ರೂಪ್ ರಿಲೀಫ್’ ಅಂತ ಇದೆ. ಒಂದು ಕಂಪನಿ ತನ್ನ ನಷ್ಟವನ್ನ ಗುಂಪಿನ ಇನ್ನೊಂದಕ್ಕೆ ಬಿಟ್ಟುಕೊಡಬಹುದು. ಅದೇ ನಷ್ಟ ಅಲ್ಲೂ ಕರಗ್ತಿತ್ತು.

ಲೆಕ್ಕ ಹಾಕಿ ನೋಡಿ, ಬೆಚ್ಚಿ ಬೀಳ್ತೀರಿ. ಆಗ ಅಮೆರಿಕದ ಕಂಪನಿ ತೆರಿಗೆ ಶೇ. 46. ಬ್ರಿಟನ್ನಿನಲ್ಲಿ 1982ರವರೆಗೆ ಶೇ. 52. ನೂರು ರೂಪಾಯಿ ಬಡ್ಡಿ ಕಟ್ಟಿದ್ರೆ ಅಲ್ಲಿ 46, ಇಲ್ಲಿ 52, ಒಟ್ಟು 98 ರೂಪಾಯಿ ತೆರಿಗೆ ಉಳಿತಾಯ. ಸಾಲ ಒಂದು, ಬಡ್ಡಿ ಒಂದು, ರಸೀದಿ ಒಂದು. ಬಡ್ಡಿಯ ಭಾರ ಮಾತ್ರ ಹೆಚ್ಚುಕಡಿಮೆ ಪೂರ್ತಿ ಎರಡು ದೇಶದ ಜನರ ಮೇಲೆ. ಕಂಪನಿಯ ಕೈಯಿಂದ ಹೋಗಿದ್ದು 2 ರೂಪಾಯಿ.

ಅಮೆರಿಕದ ಸಂಸತ್ತನ್ನ ಕೆರಳಿಸಿದ್ದು ಬರೀ ಖಜಾನೆಯ ಸೋರಿಕೆ ಅಲ್ಲ. ಒಂದು ಕಂಪನಿ ಮಾರಾಟಕ್ಕೆ ಬಂದಿದೆ. ಅಮೆರಿಕದವನೂ ಬೆಲೆ ಕೂಗ್ತಾನೆ, ವಿದೇಶಿಯವನೂ ಕೂಗ್ತಾನೆ. ವಿದೇಶಿಯವನಿಗೆ ಬಡ್ಡಿ ಎರಡು ಕಡೆ ಕಳೆಯುತ್ತೆ, ಹಾಗಾಗಿ ಅವನು ಹೆಚ್ಚು ಕೂಗಬಲ್ಲ. ನಮ್ಮೂರಿನ ಕಂಪನಿಗಳನ್ನ ಹೊರಗಿನವರು ನಮ್ಮದೇ ತೆರಿಗೆ ದುಡ್ಡಿನ ಬಲದಿಂದ ಕೊಳ್ತಿದ್ದಾರೆ ಅನ್ನೋದು ದೂರು. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ದೊಡ್ಡ ತೆರಿಗೆ ಸುಧಾರಣಾ ಕಾಯ್ದೆಯಲ್ಲಿ ಒಂದು ಸಣ್ಣ ಕಲಂ ಸೇರಿತು: 1503(ಡಿ). ಎರಡು ಊರಿನ ಕಂಪನಿಯ ನಷ್ಟವನ್ನ ಅಮೆರಿಕದ ಗುಂಪಿನ ಬೇರೆ ಕಂಪನಿಗಳ ಲಾಭದಿಂದ ಕಳೆಯೋ ಹಾಗಿಲ್ಲ. ಮರುವರ್ಷ, 1987ರಲ್ಲಿ, ಬ್ರಿಟನ್ ಕೂಡ ತನ್ನ ಬಾಗಿಲು ಹಾಕ್ತು.

ಈಗ ಹೊಸ ಸಮಸ್ಯೆ. ಇಬ್ಬರೂ ಬಾಗಿಲು ಹಾಕಿದ್ರೆ ನಿಜವಾದ ನಷ್ಟ ಎಲ್ಲಿಗೆ ಹೋಗ್ಬೇಕು? ಎರಡು ಸಲ ಕಳೆಯೋದು ಅನ್ಯಾಯ ಅನ್ನೋದಾದ್ರೆ, ಒಂದು ಸಲವೂ ಕಳೆಯದೆ ಇರೋದೂ ಅನ್ಯಾಯವೇ ಅಲ್ವಾ? ಅದಕ್ಕೆ ಅಮೆರಿಕ ಒಂದು ದಾರಿ ಮಾಡ್ತು. ನಷ್ಟವನ್ನ ಇಲ್ಲಿ ಕಳೀರಿ, ಆದರೆ ಬೇರೆ ದೇಶದಲ್ಲಿ ಬಳಸಲ್ಲ ಅಂತ ಬರೆದುಕೊಡಿ. ಮುಂದೆ ಬಳಸಿದ್ದು ಗೊತ್ತಾದ್ರೆ ಕಳೆದದ್ದನ್ನ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. 1992ರ ನಿಯಮದಲ್ಲಿ ಈ ಕಾವಲು 15 ವರ್ಷ. 2007ರಲ್ಲಿ ಅದನ್ನ 5 ವರ್ಷಕ್ಕೆ ಇಳಿಸಿದರು.

ಯುರೋಪಿನಲ್ಲೂ ಇದೇ ಚರ್ಚೆ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಬಟ್ಟೆ ಅಂಗಡಿ ನಮ್ಮ ಬೆಂಗಳೂರಿನ ಮಾಲ್‌ಗಳಲ್ಲೂ ನೋಡಿರ್ತೀರಿ. ಬೆಲ್ಜಿಯಂ, ಜರ್ಮನಿ, ಫ್ರಾನ್ಸ್‌ನಲ್ಲಿದ್ದ ತನ್ನ ಅಂಗಸಂಸ್ಥೆಗಳ ನಷ್ಟವನ್ನ ಬ್ರಿಟನ್ನಿನ ಲಾಭದಿಂದ ಕಳೆಯೋಕೆ ಬಿಡಿ ಅಂತ ಅದು ಕೇಳ್ತು. 2005ರ ಡಿಸೆಂಬರ್ 13ರಂದು ಯುರೋಪಿನ ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ಒಂದೇ ನಷ್ಟ ಎರಡು ಕಡೆ ಕಳೆದುಹೋಗೋ ಅಪಾಯ ಇದೆ, ಅದನ್ನ ತಡೆಯೋ ಹಕ್ಕು ಸರ್ಕಾರಕ್ಕಿದೆ. ಆದರೆ ಆ ದೇಶದಲ್ಲಿ ನಷ್ಟ ಬಳಸೋ ಎಲ್ಲ ದಾರಿಯೂ ಮುಗಿದಿದ್ರೆ ಇಲ್ಲಿ ಒಂದು ಸಲ ಅವಕಾಶ ಕೊಡಬೇಕು. ಎರಡು ಸಲ ಬೇಡ, ಸೊನ್ನೆ ಸಲವೂ ಬೇಡ. ಈ ಮಾತು ನೆನಪಿಟ್ಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಸರಿ, ಬೆಂಗಳೂರಿಗೆ ಇದಕ್ಕೂ ಏನು ಸಂಬಂಧ? ಇದೆ.

1985ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಇಲ್ಲಿಗೆ ಬಂತು. ಆಮೇಲೆ ಬಂದವುಗಳ ಲೆಕ್ಕ ಇಡೋದೇ ಕಷ್ಟ. ಇವುಗಳಲ್ಲಿ ಬಹಳಷ್ಟು ಇಲ್ಲಿ ‘ಪ್ರೈವೇಟ್ ಲಿಮಿಟೆಡ್’ ಕಂಪನಿಗಳು. ನಿಮ್ಮ ಪೇ ಸ್ಲಿಪ್ ತೆಗೆದು ನೋಡಿ, ಹೆಸರಿನ ಕೊನೆಯಲ್ಲಿ ಅದು ಇರಬಹುದು. ಅಮೆರಿಕ 1997ರಿಂದ ‘ಚೆಕ್ ದ ಬಾಕ್ಸ್’ ಅನ್ನೋ ನಿಯಮ ತಂತು. ಫಾರಂನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದ್ರೆ, ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿ ಅಮೆರಿಕದ ತೆರಿಗೆ ಕಣ್ಣಿಗೆ ಕಂಪನಿಯೇ ಅಲ್ಲ. ಪೂರ್ತಿ ಒಡೆತನ ಒಬ್ಬರದ್ದೇ ಆದರೆ ಅದು ಯಜಮಾನ ಕಂಪನಿಯ ಒಂದು ಶಾಖೆ ಇದ್ದ ಹಾಗೆ. ಭಾರತದ ಪಬ್ಲಿಕ್ ಲಿಮಿಟೆಡ್ ಕಂಪನಿಗೆ ಈ ಆಯ್ಕೆ ಇಲ್ಲ, ಪ್ರೈವೇಟ್‌ಗೆ ಇದೆ. ಇಲ್ಲಿ ಬೋರ್ಡು, ಪ್ಯಾನ್ ನಂಬರು, ಆಫೀಸು ಎಲ್ಲ ಇರೋ ಕಂಪನಿ ಅಲ್ಲಿ ಲೆಕ್ಕಕ್ಕೇ ಇಲ್ಲ. ಇಂಥವನ್ನ ‘ಹೈಬ್ರಿಡ್’ ಅಂತಾರೆ.

ಇಂಥ ಕಂಪನಿಗೆ ಇಲ್ಲಿ 10 ಕೋಟಿ ನಷ್ಟ ಆಯ್ತು ಅಂದ್ಕೊಳ್ಳಿ. ಭಾರತದಲ್ಲಿ ಅದು ಮುಂದಿನ ವರ್ಷಕ್ಕೆ ಹೋಗುತ್ತೆ. ಅಮೆರಿಕದಲ್ಲಿ ಅದು ಶಾಖೆಯ ನಷ್ಟ, ಯಜಮಾನನ ರಿಟರ್ನ್‌ನಲ್ಲೇ ಕಾಣುತ್ತೆ. ಒಂದೇ ನಷ್ಟ, ಎರಡು ಕಡೆ. ಇದು ಮೋಸವಾ? ಅಷ್ಟು ಬೇಗ ತೀರ್ಪು ಕೊಡಬೇಡಿ. ಮುಂದಿನ ವರ್ಷ ಅದೇ ಕಂಪನಿಗೆ 10 ಕೋಟಿ ಲಾಭ ಬಂದ್ರೆ ಆ ಲಾಭವೂ ಎರಡು ಕಡೆ ಕಾಣುತ್ತೆ. ನಷ್ಟ ಎರಡು ಸಲ, ಲಾಭವೂ ಎರಡು ಸಲ. ಸರಿಹೋಯ್ತು. ತಪ್ಪಾಗೋದು ಯಾವಾಗ ಅಂದ್ರೆ, ಆ ನಷ್ಟ ಅಮೆರಿಕದ ಕಣ್ಣಿಗೆ ಕಾಣದ ಬೇರೊಬ್ಬರ ಲಾಭದಲ್ಲಿ ಕರಗಿದಾಗ. 1503(ಡಿ) ಕಾಯೋದು ಆ ಬಾಗಿಲನ್ನ.

ನಮ್ಮ ಕಾಯ್ದೆಯಲ್ಲಿ ಆ ಬಾಗಿಲು ಮೊದಲಿಂದಲೂ ಕಿರಿದು. ಭಾರತದಲ್ಲಿ ಗ್ರೂಪ್ ರಿಲೀಫ್ ಇಲ್ಲ. ಅಣ್ಣನ ಕಂಪನಿಯ ನಷ್ಟ ತಮ್ಮನ ಕಂಪನಿಯ ಲಾಭಕ್ಕೆ ಆಗಲ್ಲ. ವಿಲೀನ ಆದರೆ ಕೆಲವು ಷರತ್ತಿನ ಮೇಲೆ ದಾಟಬಹುದು, ಅಷ್ಟೇ. ಜೊತೆಗೆ ಇಲ್ಲಿನ ಬಹಳಷ್ಟು ಕ್ಯಾಪ್ಟಿವ್ ಕೇಂದ್ರಗಳು ತಮ್ಮ ಖರ್ಚಿನ ಮೇಲೆ ಇಷ್ಟು ಶೇಕಡಾ ಲಾಭ ಸೇರಿಸಿ ಮಾತೃಸಂಸ್ಥೆಗೆ ಬಿಲ್ ಮಾಡ್ತವೆ. ಅವಕ್ಕೆ ನಷ್ಟ ಬರೋದೇ ಅಪರೂಪ.

ಹಾಗಂತ ನಮ್ಮಲ್ಲಿ ಈ ಪ್ರಶ್ನೆ ಬರಲೇ ಇಲ್ಲ ಅಂತಲ್ಲ. ಬೇರೆ ಬಾಗಿಲಿಂದ ಬಂತು. ಅದರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಪಾತ್ರವೂ ಇದೆ.

ಭಾರತ ಮತ್ತು ಮಲೇಷ್ಯಾ ನಡುವೆ ತೆರಿಗೆ ಒಪ್ಪಂದ ಇದೆ. ಭಾರತದವರ ಕೆಲವು ಬಗೆಯ ಆದಾಯಕ್ಕೆ ಮಲೇಷ್ಯಾ ‘ತೆರಿಗೆ ಹಾಕಬಹುದು’ ಅಂತ ಅದರಲ್ಲಿತ್ತು. ಮಲೇಷ್ಯಾ ಹಾಕಬಹುದು ಸರಿ, ಭಾರತವೂ ಹಾಕಬಹುದಾ? 1993ರ ವರದಿಗಳಲ್ಲಿ ಬಂದ ಆರ್.ಎಂ. ಮುತ್ತಯ್ಯ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೇಳ್ತು: ಇಲ್ಲ, ಆ ಹಕ್ಕು ಮಲೇಷ್ಯಾಕ್ಕೆ ಹೋಯ್ತು. 2004ರಲ್ಲಿ ಕುಳಂದಗನ್ ಚೆಟ್ಟಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದೇ ದಾರಿ ಹಿಡೀತು. ಅದು ಮಲೇಷ್ಯಾದ ಇಪೋ ಊರಿನ ರಬ್ಬರ್ ತೋಟದ ಕಥೆ. ಆ ತೋಟದ ಲಾಭಕ್ಕೆ ಭಾರತದಲ್ಲಿ ತೆರಿಗೆ ಇಲ್ಲ ಅಂತಾಯ್ತು.

ಲಾಭದ ವಿಷಯ ಸರಿ. ವಿದೇಶದಲ್ಲಿ ನಷ್ಟ ಆದ್ರೆ? 2008ರಲ್ಲಿ ಪುಣೆಯ ಆದಾಯ ತೆರಿಗೆ ನ್ಯಾಯಮಂಡಳಿ ಮುಂದೆ ಪಾಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಬಂತು. ಇನ್ಫೋಸಿಸ್ ಕಟ್ಟೋದಕ್ಕೆ ಮುಂಚೆ ನಾರಾಯಣ ಮೂರ್ತಿ ಮತ್ತು ಗೆಳೆಯರು ಕೆಲಸ ಮಾಡ್ತಿದ್ದ ಕಂಪನಿ ಅದೇ. ಅದರ ಜಪಾನ್ ಶಾಖೆಗೆ ನಷ್ಟವಾಗಿತ್ತು. ಆ ನಷ್ಟವನ್ನ ಭಾರತದ ಲಾಭದಿಂದ ಕಳೆಯಬಹುದು ಅಂತ ನ್ಯಾಯಮಂಡಳಿ ಹೇಳ್ತು. ಒಪ್ಪಂದ ಮತ್ತು ಕಾಯ್ದೆ, ಎರಡರಲ್ಲಿ ತನಗೆ ಅನುಕೂಲವಾದದ್ದನ್ನ ತೆರಿಗೆದಾರ ಆರಿಸ್ಕೊಳ್ಳಬಹುದು ಅನ್ನೋದು ನಮ್ಮ ಕಾನೂನಿನ ಹಳೇ ತತ್ವ.

ಈಗ ಎರಡು ತೀರ್ಪುಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಲಾಭ ಬಂದ ವರ್ಷ: ಅದು ವಿದೇಶದ್ದು, ಭಾರತ ಮುಟ್ಟೋ ಹಾಗಿಲ್ಲ. ನಷ್ಟ ಬಂದ ವರ್ಷ: ಅದು ನಮ್ಮದು, ಭಾರತದಲ್ಲಿ ಕಳೀತೀವಿ. ಅತ್ತ ವಿದೇಶದಲ್ಲಿ ಅದೇ ನಷ್ಟ ಮುಂದಿನ ವರ್ಷಕ್ಕೆ ಹೋಗಿ ಅಲ್ಲಿನ ಲಾಭದಿಂದಲೂ ಕಳೆಯಬಹುದು. ಲಂಡನ್-ಡೆಲವೇರ್ ಆಟದ ತಿರುಳೇ ಇದು: ನಷ್ಟ ಇಬ್ಬರ ಲೆಕ್ಕಕ್ಕೂ, ಲಾಭ ಒಬ್ಬರ ಲೆಕ್ಕಕ್ಕೆ ಮಾತ್ರ.

ಕೇಂದ್ರ ಸರ್ಕಾರ ಅದೇ ವರ್ಷ, 2008ರ ಆಗಸ್ಟ್ 28ರಂದು, ಒಂದು ಪುಟ್ಟ ಅಧಿಸೂಚನೆ ಹೊರಡಿಸಿತು. ಒಪ್ಪಂದದಲ್ಲಿ ಇನ್ನೊಂದು ದೇಶ ‘ತೆರಿಗೆ ಹಾಕಬಹುದು’ ಅಂತಿದ್ರೆ, ಆ ಆದಾಯ ಭಾರತದ ಲೆಕ್ಕಕ್ಕೂ ಸೇರುತ್ತೆ. ಎರಡು ಸಲ ತೆರಿಗೆ ಬೀಳದ ಹಾಗೆ ಒಪ್ಪಂದದಲ್ಲಿರೋ ರೀತಿಯಲ್ಲಿ ಪರಿಹಾರ ಸಿಗುತ್ತೆ, ಸಾಮಾನ್ಯವಾಗಿ ಅಲ್ಲಿ ಕಟ್ಟಿದ ತೆರಿಗೆಯನ್ನ ಇಲ್ಲಿ ಮುರ್ಕೊಳ್ಳೋ ಮೂಲಕ. ಲಾಭವೂ ನಮ್ಮ ಲೆಕ್ಕ, ನಷ್ಟವೂ ನಮ್ಮ ಲೆಕ್ಕ. ತಕ್ಕಡಿ ಸಮ ಆಯ್ತು. ಅಮೆರಿಕ ಕಲಂ ಬರೆದು ಮಾಡಿದ್ದನ್ನ ನಾವು ಒಂದು ಪದದ ಅರ್ಥ ತಿದ್ದಿ ಮಾಡಿದ್ವಿ.

ಜಗತ್ತು ಇದನ್ನ ಒಟ್ಟಾಗಿ ಎದುರಿಸೋಕೆ ಕೂತಿದ್ದು 2008ರ ಆರ್ಥಿಕ ಕುಸಿತದ ನಂತರ. 2015ರ ಅಕ್ಟೋಬರ್‌ನಲ್ಲಿ ಒಇಸಿಡಿ ಮತ್ತು ಜಿ20 ದೇಶಗಳ ವರದಿ ಬಂತು. ಎರಡು ದೇಶದ ಕಾನೂನಿನ ಬಿರುಕಲ್ಲಿ ಹುಟ್ಟೋ ಇಂಥ ಆಟಗಳನ್ನ ಯಾರು ಮೊದಲು ತಡೆಯಬೇಕು, ಅವರು ತಡೆಯದಿದ್ರೆ ಇನ್ನೊಬ್ಬರು ಏನು ಮಾಡಬೇಕು ಅಂತ ಅದರಲ್ಲಿ ಹೇಳಿದ್ದಾರೆ. ಬ್ರಿಟನ್ 2017ರಿಂದ, ಯುರೋಪಿಯನ್ ಒಕ್ಕೂಟ 2020ರಿಂದ ಆ ನಿಯಮ ತಂದವು. ಭಾರತ ಇವತ್ತಿಗೂ ಅಂಥ ನೇರ ಕಲಂ ಬರೆದಿಲ್ಲ. ತೆರಿಗೆ ತಪ್ಪಿಸೋದಕ್ಕೇ ಮಾಡಿದ ವ್ಯವಸ್ಥೆಗಳನ್ನ ತಡೆಯೋ ಸಾಮಾನ್ಯ ನಿಯಮ ‘ಗಾರ್’ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಮೆರಿಕವೂ ಸುಮ್ಮನಿಲ್ಲ. 2025ರ ಜನವರಿಯಲ್ಲಿ ಹೈಬ್ರಿಡ್ ಕಂಪನಿಗಳ ಮೇಲೆ ಇನ್ನೊಂದು ಬಿಗಿ ನಿಯಮ ತಂದು, ಅದೇ ಆಗಸ್ಟ್‌ನಲ್ಲಿ ವಾಪಸ್ ತಗೊಳ್ತೀವಿ ಅಂತು. ಹಗ್ಗಜಗ್ಗಾಟ ಇನ್ನೂ ಮುಗಿದಿಲ್ಲ.

ಇಷ್ಟು ಕೇಳಿದ ಮೇಲೆ, ದೊಡ್ಡವರಿಗೆ ಎಲ್ಲವೂ ಸಲೀಸು ಅಂತ ನಿಮಗನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ನಮ್ಮ ಬೆಂಗಳೂರಿನದ್ದೇ ವಿಪ್ರೋ ಪ್ರಕರಣ ಬೇರೆ ಮಾತು ಹೇಳುತ್ತೆ. 2001ರಲ್ಲಿ ಕಂಪನಿ ರಿಟರ್ನ್ ಹಾಕಿ ಸುಮಾರು 15.47 ಕೋಟಿ ನಷ್ಟ ತೋರಿಸಿ, ರಫ್ತು ಘಟಕಕ್ಕೆ ಸಿಗೋ ತೆರಿಗೆ ವಿನಾಯಿತಿ ಕೇಳ್ತು. ಮರುವರ್ಷ, ವಿನಾಯಿತಿ ಬೇಡ, ನಷ್ಟವನ್ನ ಮುಂದಕ್ಕೆ ಒಯ್ಯೋಕೆ ಬಿಡಿ ಅಂತು. ಹೈಕೋರ್ಟ್ ಒಪ್ಪಿತು. 2022ರ ಜುಲೈ 11ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಿನಾಯಿತಿ ಬೇಡ ಅನ್ನೋ ಘೋಷಣೆಯನ್ನ ರಿಟರ್ನ್‌ನ ಕಡೇ ತಾರೀಕಿನೊಳಗೆ ಕೊಡಲೇಬೇಕಿತ್ತು ಅಂತು. ತಾರೀಕು ದಾಟಿದ್ರೆ ವಿಪ್ರೋಗೂ ಇಲ್ಲ, ಕುರುಬರಹಳ್ಳಿಯ ದಿನಸಿ ಅಂಗಡಿಗೂ ಇಲ್ಲ.

ವ್ಯತ್ಯಾಸ ಒಂದೇ. ವಿಪ್ರೋಗೆ ಇಪ್ಪತ್ತು ವರ್ಷ ವಾದ ಮಾಡೋಕೆ ವಕೀಲರಿದ್ರು. ಅಪ್ಪನಿಗೆ ಒಂದು ಸುತ್ತೋಲೆಯ ಸುದ್ದಿ ಹೇಳೋಕೂ ಯಾರೂ ಇರಲಿಲ್ಲ.

ಹೌದು, ಸುತ್ತೋಲೆ. ಈ ಎಪಿಸೋಡಿಗೆ ಓದ್ತಾ ಇದ್ದಾಗ ಸಿಕ್ತು. 2015ರ ಜೂನ್ 9ರ ತೆರಿಗೆ ಮಂಡಳಿಯ ಸುತ್ತೋಲೆ. ನಿಜವಾದ ಕಷ್ಟದಿಂದ ತಡವಾಗಿದ್ರೆ, ತಡವನ್ನ ಮನ್ನಿಸಿ ನಷ್ಟ ಮುಂದಕ್ಕೆ ಒಯ್ಯೋಕೆ ಬಿಡಿ ಅಂತ ಅರ್ಜಿ ಹಾಕಬಹುದು. ಅಂಗಡಿಗೆ ನೀರು ನುಗ್ಗಿದ್ದಕ್ಕಿಂತ ನಿಜವಾದ ಕಷ್ಟ ಇನ್ನೇನಿದೆ? ಆಗ ಅರ್ಜಿಗೆ 6 ವರ್ಷ ಸಮಯವಿತ್ತು. 2024ರ ಅಕ್ಟೋಬರ್ 1ರಿಂದ ಅದು 5 ವರ್ಷ, ಆ ಅಸೆಸ್‌ಮೆಂಟ್ ವರ್ಷ ಮುಗಿದ ದಿನದಿಂದ ಎಣಿಸಿ. ನನಗೆ ಗೊತ್ತಾಗೋ ಹೊತ್ತಿಗೆ ಅಪ್ಪನ 5 ವರ್ಷವೂ ಮುಗಿದಿತ್ತು.

ಅಪ್ಪನಿಗೆ ಇದನ್ನ ಹೇಳಿದೆ. ಅವರು ನಕ್ಕು, "ಹೋಗ್ಲಿ ಬಿಡೋ, ನಾಲ್ಕು ಜನಕ್ಕೆ ಹೇಳು" ಅಂದ್ರು. ಅದಕ್ಕೇ ಹೇಳ್ತಿದ್ದೀನಿ. ನಿಮ್ಮ ಮನೇಲಿ, ನಿಮ್ಮ ಬೀದೀಲಿ ಯಾರಾದರೂ ಅಂಗಡಿ ಇಟ್ಟವರಿದ್ರೆ, ನಷ್ಟದ ವರ್ಷದ ರಿಟರ್ನ್ ತಾರೀಕಿನೊಳಗೆ ಹಾಕಿಸಿ. ತಡವಾಗಿದ್ರೆ ಮನ್ನಾ ಅರ್ಜಿಯ ಬಗ್ಗೆ ಆಡಿಟರ್‌ನ ಕೇಳಿ.

ಒಂದೇ ನಷ್ಟವನ್ನ ಎರಡು ದೇಶದಲ್ಲಿ ಕಳೆಯಬಾರದು ಅಂತ ಹೇಳೋಕೆ ಜಗತ್ತು ಇಷ್ಟೆಲ್ಲ ಕಾನೂನು ಬರೀತು. ಬರೀಬೇಕಾಗಿತ್ತು. ಆ ಕಾನೂನಿನ ಇನ್ನರ್ಧ, ನಿಜವಾದ ನಷ್ಟಕ್ಕೆ ಒಂದು ಸಲ ಬಾಗಿಲು ತೆರೀಬೇಕು ಅನ್ನೋದು, ನಮ್ಮ ಬೀದಿಯವರೆಗೂ ಬರಬೇಕು. ಇವತ್ತಿಗೆ ಇಷ್ಟು.